ಆರು ಮಂದಿ, ಒಂದು ಲೈಬ್ರರಿ, 24,000 ಡಾಲರ್: ಹಂಚುವುದು ಹೇಗೆ?

ಪ್ರಶ್ನೆ: ನಾವು ಆರು ಜನ ಸೇರಿ ಒಂದು ಓಪನ್ ಸೋರ್ಸ್ ಲೈಬ್ರರಿಯನ್ನು (ಯಾರು ಬೇಕಾದರೂ ತಮ್ಮ ಪ್ರೋಗ್ರಾಂನಲ್ಲಿ ಬಳಸಬಹುದಾದ ಮುಕ್ತ ಕೋಡಿನ ಕಟ್ಟು) ಏಳು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ನೋಡಿಕೊಂಡು ಬರುತ್ತಿದ್ದೇವೆ. ನಾಲ್ಕು ದೇಶಗಳಲ್ಲಿ ಚದುರಿಕೊಂಡಿದ್ದೇವೆ. ಕೆಲವು ಕಂಪನಿಗಳು ಪ್ರಾಯೋಜಕರಾಗಿ ಸೇರಿದ್ದರಿಂದ ವರ್ಷಕ್ಕೆ ಸುಮಾರು 24,000 ಡಾಲರ್ ಬರತೊಡಗಿದೆ. ಸಮನಾಗಿ ಹಂಚೋಣ ಎಂದು ಕೆಲವರು, ಕಮಿಟ್ (ಕೋಡಿಗೆ ಸೇರಿಸಿದ ಒಂದೊಂದು ಬದಲಾವಣೆ) ಎಣಿಸಿ ಹಂಚೋಣ ಎಂದು ಇನ್ನು ಕೆಲವರು. ನಮ್ಮಲ್ಲೊಬ್ಬರಿಗೆ ಅವರ ಕಂಪನಿಯೇ ಈ ಕೆಲಸಕ್ಕೆ ಸಂಬಳ ಕೊಡುತ್ತದೆ. ನಮ್ಮ ಲೈಬ್ರರಿ ನಿಂತಿರುವುದು ಬೇರೆಯವರ ಲೈಬ್ರರಿಗಳ ಮೇಲೆ. ಅವರಿಗೂ ಪಾಲು ಹೋಗಬೇಕಲ್ಲವೇ? ದುಡ್ಡಿಲ್ಲದಾಗ ಇಲ್ಲದ ಬಿಗುವು ಈಗ ಶುರುವಾಗಿದೆ. ನ್ಯಾಯವಾದ ಹಂಚಿಕೆ ಯಾವುದು?

ಉತ್ತರ: ಮೊದಲು ಲೆಕ್ಕ ಬಿಡಿಸಿಕೊಳ್ಳಿ. 24,000 ಎಂಬುದು ಬರುವ ಹಣ, ಹಂಚುವ ಹಣವಲ್ಲ. ನಿಮ್ಮ ಪರವಾಗಿ ಹಣ ಇಟ್ಟುಕೊಂಡು ಲೆಕ್ಕಪತ್ರ ನೋಡಿಕೊಳ್ಳುವ ಸಂಸ್ಥೆ ತನ್ನ ಪಾಲು ಹಿಡಿದುಕೊಳ್ಳುತ್ತದೆ. ಓಪನ್ ಸೋರ್ಸ್ ಕಲೆಕ್ಟಿವ್ ಮತ್ತು ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಹಿಡಿಯುವುದು ಶೇ. 10, ಸಾಫ್ಟ್‌ವೇರ್ ಇನ್ ದಿ ಪಬ್ಲಿಕ್ ಇಂಟರೆಸ್ಟ್ ಹಿಡಿಯುವುದು ಶೇ. 5. ಕೋಡು ಇಡುವ ತಾಣ ಗಿಟ್‌ಹಬ್‌ನ ದೇಣಿಗೆ ಸೇವೆಯಾದ ಗಿಟ್‌ಹಬ್ ಸ್ಪಾನ್ಸರ್ಸ್‌ನಲ್ಲಿ ವ್ಯಕ್ತಿಗಳ ಖಾತೆಯಿಂದ ಬಂದದ್ದಕ್ಕೆ ಶುಲ್ಕವಿಲ್ಲ, ಕಂಪನಿಗಳ ಖಾತೆಯಿಂದ ಬಂದರೆ ಶೇ. 6ರವರೆಗೆ ಕಡಿತವಾಗುತ್ತದೆ. ದೇಣಿಗೆ ತಾಣ ಲಿಬರಾಪೇ ತಾನು ಏನನ್ನೂ ಹಿಡಿಯುವುದಿಲ್ಲ, ಹಣ ಸಾಗಿಸುವವರ ಶುಲ್ಕ ಮಾತ್ರ. ನಿಮ್ಮದು ಶೇ. 10ರ ಸಂಸ್ಥೆ ಎಂದಿಟ್ಟುಕೊಂಡರೆ 2,400 ಹೋಯಿತು. ಪಾವತಿ ಶುಲ್ಕ ಶೇ. 3 ಎಂದರೆ 720. ಉಳಿದದ್ದು 20,880. ಡೊಮೇನ್, ಟೆಸ್ಟ್ ಓಡಿಸುವ ಯಂತ್ರ ಮುಂತಾದವಕ್ಕೆ 880 ಎತ್ತಿಟ್ಟರೆ 20,000. ಅದರಲ್ಲಿ 4,000ವನ್ನು ಮೊದಲ ವರ್ಷ ಮುಟ್ಟಲೇಬೇಡಿ. ಅದು ಮೂರು ತಿಂಗಳ ಖರ್ಚಿಗೆ ಕಾಪು. ಕೈಗೆ ನಿಜವಾಗಿ ಸಿಗುವುದು 16,000.

ಇದನ್ನು ಆರು ಜನಕ್ಕೆ ಸಮನಾಗಿ ಹಂಚಿದರೆ ತಲೆಗೆ ತಿಂಗಳಿಗೆ 222 ಡಾಲರ್. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರಲ್ಲ, ಹಾಗೆ. ಯಾರೂ ಇದನ್ನು ನಂಬಿ ತಮ್ಮ ಉದ್ಯೋಗದ ಒಂದು ದಿನವನ್ನೂ ಬಿಡಲಾರರು. ಕೆಲಸ ಮೊದಲಿನಂತೆಯೇ ಬಿಡುವಿನ ವೇಳೆಗೆ ಜೋತುಬಿದ್ದಿರುತ್ತದೆ, ಆದರೆ ದುಡ್ಡು ತೆಗೆದುಕೊಂಡ ಋಣಭಾರ ಮಾತ್ರ ಆರೂ ಜನರ ಹೆಗಲೇರುತ್ತದೆ. ಸಮಪಾಲು ನೋಡಲು ನ್ಯಾಯ. ಎಂಟು ತಿಂಗಳಿಂದ ಮುಖ ತೋರಿಸದವರಿಗೂ ವಾರಕ್ಕೆ ಹತ್ತು ಗಂಟೆ ಕೂರುವವರಿಗೂ ಅದರ ಕಣ್ಣಲ್ಲಿ ವ್ಯತ್ಯಾಸವಿಲ್ಲ.

ಕಮಿಟ್ ಎಣಿಸುವುದು ಇದಕ್ಕಿಂತಲೂ ಕೆಟ್ಟದ್ದು. ಒಂದು ಲೈಬ್ರರಿಯನ್ನು ಏಳು ವರ್ಷ ಬದುಕಿಸಿದ ಕೆಲಸದಲ್ಲಿ ಹೆಚ್ಚಿನ ಪಾಲು ಕಮಿಟ್ ಆಗಿ ಕಾಣಿಸುವುದೇ ಇಲ್ಲ. ಬಂದ ಇಶ್ಯೂ (ಬಳಸುವವರ ದೂರು ಅಥವಾ ಕೋರಿಕೆ) ಓದಿ, ಅದು ಹಳೆಯದರ ನಕಲು ಎಂದು ಗುರುತಿಸಿ ಮುಚ್ಚುವುದು. ನಾನೂರು ಸಾಲಿನ ಪುಲ್ ರಿಕ್ವೆಸ್ಟನ್ನು (ಈ ಬದಲಾವಣೆಯನ್ನು ಕೋಡಿಗೆ ಸೇರಿಸಿಕೊಳ್ಳಿ ಎಂಬ ಪ್ರಸ್ತಾಪ) ಎರಡು ಸಂಜೆ ಕೂತು ಓದಿ, ಬೇಡವೆಂದು ಮರ್ಯಾದೆಯಿಂದ ಹೇಳುವುದು. ಭದ್ರತಾ ದೋಷದ ವರದಿ ಗುಟ್ಟಾಗಿ ಬಂದಾಗ ಬೇರೆಲ್ಲ ಬಿಟ್ಟು ಕೂರುವುದು. ಸಾವಿರ ಸಾಲು ಅಳಿಸಿ ಐವತ್ತು ಸಾಲು ಉಳಿಸುವುದು. ಎಣಿಕೆಯ ಕಣ್ಣಿಗೆ ಇವೆಲ್ಲ ಸೊನ್ನೆ ಅಥವಾ ಒಂದು. ಇತ್ತ ಒಂದೇ ಬದಲಾವಣೆಯನ್ನು ಹದಿನೈದು ತುಂಡು ಮಾಡಿದವರಿಗೆ ಹದಿನೈದು ಪಾಲು. ಕೆಸರಾಗುವ ಕೈ ಒಬ್ಬರದು, ಮೊಸರಾಗುವ ಬಾಯಿ ಇನ್ನೊಬ್ಬರದು.

ಅಳತೆಗೋಲಿಗೆ ದುಡ್ಡು ಕಟ್ಟಿದರೆ ಜನ ಅಳತೆಗೋಲನ್ನೇ ಬೆಳೆಸುತ್ತಾರೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ (ಅಕ್ಟೋಬರ್ ತಿಂಗಳಿಡೀ ಪುಲ್ ರಿಕ್ವೆಸ್ಟ್ ಕಳಿಸುವ ಉತ್ಸವ) ಪಣಕ್ಕಿದ್ದದ್ದು ಬರೀ ಟೀ ಶರ್ಟು. ಅಷ್ಟಕ್ಕೇ ಒಂದು ಪದ ಅತ್ತಿತ್ತ ಮಾಡಿದ ಕಸದ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಸುರಿದವೆಂದರೆ, ತಿಂಗಳು ಶುರುವಾದ ಮೂರ್ನಾಲ್ಕು ದಿನದಲ್ಲೇ ಆಯೋಜಕರು ನಿಯಮ ಬದಲಿಸಿ, ಒಪ್ಪಿಗೆ ಕೊಟ್ಟ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. 2024ರಲ್ಲಿ ಟೀ ಎಂಬ ಕ್ರಿಪ್ಟೋ ಯೋಜನೆ ಪ್ಯಾಕೇಜುಗಳ ಜನಪ್ರಿಯತೆ ನೋಡಿ ಟೋಕನ್ ಕೊಡುತ್ತೇವೆ ಎಂದಾಗ ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಇಡುವ ಎನ್‌ಪಿಎಂ ಭಂಡಾರಕ್ಕೆ ಸಾವಿರಾರು ಹುಸಿ ಪ್ಯಾಕೇಜುಗಳು ಬಂದು ಬಿದ್ದವು. ನಿಮ್ಮ ಆರು ಜನ ಮೋಸಗಾರರಲ್ಲ, ಗೊತ್ತು. ಆದರೆ ಹಂಚಿಕೆಯ ಸೂತ್ರವನ್ನು ಏಳನೆಯವರೂ ಎಂಟನೆಯವರೂ ಓದುತ್ತಾರೆ.

ಹಾಗಾದರೆ ಯಾವುದಕ್ಕೆ ಕೊಡಬೇಕು? ಮಾಡಿ ಮುಗಿಸಿದ ಕೆಲಸಕ್ಕೆ ಬಹುಮಾನ ಎಂದಲ್ಲ, ಮುಂದಿನ ಇಷ್ಟು ತಿಂಗಳು ಹೊರುತ್ತೇನೆ ಎಂದು ಒಪ್ಪಿಕೊಂಡ ಹೊಣೆಗೆ ಸಂಬಳ ಎಂದು. ನಿಮ್ಮ ಬಿಗುವಿನ ಬೇರು ಇರುವುದು ಇಲ್ಲೇ. ಏಳು ವರ್ಷದಲ್ಲಿ ಯಾರು ಎಷ್ಟು ಮಾಡಿದರು ಎಂದು ತೂಗಲು ಹೊರಟರೆ ತಕ್ಕಡಿ ಎಂದೂ ಸಮ ನಿಲ್ಲುವುದಿಲ್ಲ. ಮುಂದಿನ ಆರು ತಿಂಗಳು ಯಾವ ಹೊಣೆ ಯಾರದು ಎಂಬ ಪ್ರಶ್ನೆಗಾದರೆ ಉತ್ತರ ಬರೆದಿಡಬಹುದು.

ಗಂಟೆಗೆ 50 ಡಾಲರ್ ಎಂದು ಒಂದು ದರ ಹಿಡಿದು ನೋಡೋಣ. ಮೊದಲ ಹೊಣೆ ಸರದಿ ಕಾವಲು: ಹೊಸ ಇಶ್ಯೂಗಳನ್ನು ಬೇರ್ಪಡಿಸುವುದು, ಪುಲ್ ರಿಕ್ವೆಸ್ಟ್‌ಗೆ ವಾರದೊಳಗೆ ಮೊದಲ ಉತ್ತರ ಕೊಡುವುದು. ತಿಂಗಳಿಗೆ 12 ಗಂಟೆ, ವರ್ಷಕ್ಕೆ 144 ಗಂಟೆ, 7,200 ಡಾಲರ್. ಇದನ್ನು ಎರಡೆರಡು ತಿಂಗಳಿಗೆ ಒಬ್ಬರಂತೆ ಸರದಿಯಲ್ಲಿ ಹೊರಿ. ಆಗ ಹೊತ್ತವರಿಗೆ ತಿಂಗಳಿಗೆ 600 ಬರುತ್ತದೆ, ಉಳಿದವರಿಗೆ ಇಶ್ಯೂ ಪುಟ ತೆರೆಯದೆ ನೆಮ್ಮದಿಯಾಗಿರುವ ಹಕ್ಕು ಬರುತ್ತದೆ. ಈ ಎರಡನೆಯದರ ಬೆಲೆ ಮೊದಲನೆಯದಕ್ಕಿಂತ ಹೆಚ್ಚು ಎಂದರೂ ತಪ್ಪಿಲ್ಲ. ಎರಡನೆಯ ಹೊಣೆ ರಿಲೀಸ್ (ಹೊಸ ಆವೃತ್ತಿ ಹೊರಬಿಡುವುದು) ಮತ್ತು ಭದ್ರತೆ: ತಿಂಗಳಿಗೆ 8 ಗಂಟೆ, ವರ್ಷಕ್ಕೆ 96 ಗಂಟೆ, 4,800 ಡಾಲರ್. ಇದನ್ನು ಸರದಿಗೆ ಹಾಕಬೇಡಿ. ಇಬ್ಬರಿಗೆ ಆರು ತಿಂಗಳಿಗೆಂದು ಕೊಡಿ. ಇಬ್ಬರಿಗೂ ರಿಲೀಸ್ ಬಿಡುವ ಅಧಿಕಾರ ಇರಲಿ, ಒಬ್ಬರು ಕಾಯಿಲೆ ಬಿದ್ದರೆ ಇನ್ನೊಬ್ಬರು ನಡೆಸುವಂತಿರಲಿ. ಮಿಕ್ಕ 4,000ದಲ್ಲಿ 2,400, ಅಂದರೆ 48 ಗಂಟೆ, ಯಾರೂ ಖುಷಿಗೆ ಮಾಡದ ಕೆಲಸಗಳಿಗೆ: ದಸ್ತಾವೇಜು ತಿದ್ದುವುದು, ಹಳೆಯ ಆವೃತ್ತಿಯಿಂದ ಹೊಸದಕ್ಕೆ ದಾಟುವ ಮಾರ್ಗದರ್ಶಿ, ಆಗಾಗ ಮುರಿದು ಬೀಳುವ ಟೆಸ್ಟುಗಳ ರಿಪೇರಿ. ಉಳಿದ 1,600 ನೀವು ಆಧರಿಸಿರುವ ಲೈಬ್ರರಿಗಳಿಗೆ. ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಹೊಸ ಫೀಚರ್ ಬರೆಯಲು ಹಣವೇ ಇಲ್ಲವಲ್ಲ ಎಂದು ನಿಮ್ಮಲ್ಲಿ ಯಾರಾದರೂ ಕೇಳುತ್ತಾರೆ. ಬೇಕೆಂದೇ ಇಟ್ಟಿಲ್ಲ. ಫೀಚರ್ ಬರೆಯಲು ಜನ ಪುಕ್ಕಟೆಯಾಗಿಯೂ ಬರುತ್ತಾರೆ; ಅದನ್ನು ಓದಿ ನೋಡಲು ಬರುವುದಿಲ್ಲ. ಜಾಲದ ಸಂವಹನವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ, ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷವಿದ್ದ 1.0.1 ಆವೃತ್ತಿ ಹೊರಬಂದದ್ದು 2012ರ ಮಾರ್ಚ್‌ನಲ್ಲಿ, ದೋಷ ಬಯಲಾದದ್ದು 2014ರ ಏಪ್ರಿಲ್‌ನಲ್ಲಿ. ಆ ಕೋಡನ್ನು ಒಬ್ಬರು ಬರೆದಿದ್ದರು, ಇನ್ನೊಬ್ಬರು ಪರಿಶೀಲಿಸಿದ್ದರು, ಇಬ್ಬರ ಕಣ್ಣೂ ತಪ್ಪಿತ್ತು. ಜಾಲದ ದೊಡ್ಡ ಭಾಗ ನೆಚ್ಚಿಕೊಂಡಿದ್ದ ಆ ಯೋಜನೆಗೆ ಆಗ ದೇಣಿಗೆಯಾಗಿ ಬರುತ್ತಿದ್ದದ್ದು ವರ್ಷಕ್ಕೆ ಸುಮಾರು 2,000 ಡಾಲರ್, ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಕೊರತೆ ಇದ್ದದ್ದು ಬರೆಯುವ ಕೈಗಳಿಗಲ್ಲ, ಎರಡನೆಯ ಸಲ ಓದುವ ಬಿಡುವಿಗೆ.

ಬೌಂಟಿ ಪದ್ಧತಿಯನ್ನು ಯಾರಾದರೂ ಸೂಚಿಸಬಹುದು: ಈ ಇಶ್ಯೂ ಬಗೆಹರಿಸಿದವರಿಗೆ 300 ಡಾಲರ್ ಎಂದು ಬೋರ್ಡು ಹಾಕುವುದು. ಸಣ್ಣ, ಗಡಿ ಸ್ಪಷ್ಟವಾಗಿರುವ ಕೆಲಸಕ್ಕೆ ಅದು ನಡೆಯುತ್ತದೆ. ಉಳಿದೆಡೆ ಮೂವರು ಒಂದೇ ಕೆಲಸ ಮಾಡಿ ಒಬ್ಬರಿಗೆ ಮಾತ್ರ ದುಡ್ಡು ಸಿಗುತ್ತದೆ. ಮೂರನ್ನೂ ಓದಿದ ಮೇಂಟೇನರ್‌ಗೆ (ಯೋಜನೆ ನೋಡಿಕೊಳ್ಳುವವರಿಗೆ) ಏನೂ ಸಿಗುವುದಿಲ್ಲ. ಬರೆದವರು ಹಣ ಪಡೆದು ಹೋದಮೇಲೆ ಐದು ವರ್ಷ ಆ ಕೋಡಿನ ದೋಷಗಳನ್ನು ಸಾಕುವುದು ನಿಮ್ಮ ಪಾಲಿಗೆ. ಹಾಕಲೇಬೇಕೆಂದರೆ ಮೂರು ಷರತ್ತು ಬರೆಯಿರಿ. ಮೊದಲು ಕೇಳಿದ ಒಬ್ಬರಿಗೆ ಮೂರು ವಾರದ ಮಟ್ಟಿಗೆ ಕೆಲಸ ಮೀಸಲು. ಮೊತ್ತದ ಮೂರನೇ ಒಂದು ಭಾಗ ಪರಿಶೀಲಿಸಿದವರಿಗೆ, ಕೋಡು ಒಪ್ಪಿತವಾಗದಿದ್ದರೂ ಅದು ಅವರಿಗೇ. ಬರೆದವರಿಗೆ ಅರ್ಧ ಹಣ ವಿಲೀನವಾದಾಗ, ಉಳಿದದ್ದು ಮುಂದಿನ ರಿಲೀಸ್ ಆಗಿ ಒಂದು ತಿಂಗಳು ಕಳೆದಮೇಲೆ. ಭದ್ರತಾ ದೋಷ ಹುಡುಕಿದವರಿಗೆ ಬಹುಮಾನ ಇಡುವ ಯೋಚನೆಯಿದ್ದರೆ ಸದ್ಯಕ್ಕೆ ಬಿಡಿ. ಎಐ ಬಳಸಿ ಬರೆದ, ನೋಡಲು ಗಂಭೀರ, ಒಳಗೆ ಪೊಳ್ಳಾದ ವರದಿಗಳು, ಜಾಲದಲ್ಲಿ ದತ್ತಾಂಶ ಸಾಗಿಸುವ ಸಾಧನವಾದ ಕರ್ಲ್ ಯೋಜನೆಯ ಭದ್ರತಾ ತಂಡದ ಸಮಯವನ್ನು ನುಂಗಿಹಾಕಿ, ಕೊನೆಗೆ ಅವರು ಬಹುಮಾನವನ್ನೇ ಕೈಬಿಡಬೇಕಾಯಿತು. ಆರು ಜನರ ತಂಡ ಆ ಹೊರೆ ತಾಳಲಾರದು.

ಇನ್ನು ದೇಶದ ಪ್ರಶ್ನೆ. ಹೊಸಬರಿಗೆ ಹಣ ಕೊಟ್ಟು ಓಪನ್ ಸೋರ್ಸ್ ಕೆಲಸಕ್ಕೆ ತೊಡಗಿಸುವ ಕಾರ್ಯಕ್ರಮಗಳಲ್ಲಿ ಎರಡು ಹೆಸರಾಂತ ಮಾದರಿಗಳಿವೆ, ಎರಡೂ ಒಂದಕ್ಕೊಂದು ವಿರುದ್ಧ. ಗೂಗಲ್ ಸಮ್ಮರ್ ಆಫ್ ಕೋಡ್ ಆಯಾ ದೇಶದ ಕೊಳ್ಳುವ ಶಕ್ತಿ ನೋಡಿ ಭತ್ಯೆ ನಿಗದಿ ಮಾಡುತ್ತದೆ. ಔಟ್‌ರೀಚಿ ಎಲ್ಲ ದೇಶದವರಿಗೂ ಒಂದೇ 7,000 ಡಾಲರ್ ಕೊಡುತ್ತದೆ. ನಿಮ್ಮ ಮೊತ್ತಕ್ಕೆ ಒಂದೇ ದರ ಸರಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಯಾರದೂ ಪೂರ್ಣ ಜೀವನೋಪಾಯ ಇದರಿಂದ ನಡೆಯುತ್ತಿಲ್ಲ. ತಿಂಗಳಿಗೆ ಹನ್ನೆರಡು ಗಂಟೆಯ ಅದೇ ಕಾವಲಿಗೆ ಒಬ್ಬರಿಗೆ 50, ಇನ್ನೊಬ್ಬರಿಗೆ 18 ಎಂದರೆ ಗೆಳೆತನ ಉಳಿಯುವುದಿಲ್ಲ. ದೇಶದ ಸರಾಸರಿಗೆ ಒಬ್ಬರ ಮನೆಯ ಕಷ್ಟ ಗೊತ್ತಾಗುವುದೂ ಇಲ್ಲ. ಒಂದು ದಿನ ಯಾರನ್ನಾದರೂ ಪೂರ್ಣಾವಧಿಗೆ ತೆಗೆದುಕೊಳ್ಳುವಷ್ಟು ಹಣ ಬಂದರೆ ಆಗ ಮಾತು ಬೇರೆ: ಒಂದೇ ದರವಿಟ್ಟರೆ ದುಬಾರಿ ಊರಿನವರು ಬರಲಾರರು, ಹಾಗಾಗಿ ಪ್ರದೇಶವಾರು ಎರಡು ಮೂರು ಹಂತ ಬೇಕಾಗುತ್ತದೆ.

ದರಕ್ಕಿಂತ ಹೆಚ್ಚು ಅನ್ಯಾಯ ಸದ್ದಿಲ್ಲದೆ ನಡೆಯುವುದು ಹಣ ತಲುಪುವ ದಾರಿಯಲ್ಲಿ. ಕೆಲವು ದೇಶಗಳಿಗೆ ಪಾವತಿ ಸೇವೆಗಳೇ ಇಲ್ಲ. ಇದ್ದಲ್ಲಿಯೂ ಪ್ರತಿ ವರ್ಗಾವಣೆಗೆ ಬ್ಯಾಂಕಿನ ನಿಗದಿತ ಶುಲ್ಕ, ಮೇಲೆ ವಿನಿಮಯದಲ್ಲಿ ಕಡಿತ. ತಿಂಗಳಿಗೆ 200 ಕಳಿಸಿ ಪ್ರತಿ ಸಲ 25 ಕಳೆದುಕೊಂಡರೆ ಎಂಟನೇ ಒಂದು ಭಾಗ ಗಾಳಿಗೆ ಹೋದಂತೆ. ಮೂರು ತಿಂಗಳಿಗೊಮ್ಮೆ 600 ಕಳಿಸಿದರೆ ಅದೇ 25 ಇಪ್ಪತ್ನಾಲ್ಕನೇ ಒಂದು ಭಾಗ. ಈ ಶುಲ್ಕವನ್ನು ಯೋಜನೆಯೇ ಭರಿಸಲಿ, ಪಡೆಯುವವರ ಮೇಲೆ ಹಾಕಬೇಡಿ. ಇನ್ನು ಕೆಲವರು ಹಣ ಪಡೆಯುವಂತೆಯೇ ಇರುವುದಿಲ್ಲ. ಉದ್ಯೋಗದ ಕರಾರು ಬೇರೆ ಆದಾಯವನ್ನು ತಡೆದಿರುತ್ತದೆ, ಅಥವಾ ವಿದ್ಯಾರ್ಥಿ ವೀಸಾ ಬಿಡುವುದಿಲ್ಲ. ಅಂಥವರು ನಾಚಿಕೊಂಡು ಸುಮ್ಮನಿರುತ್ತಾರೆ. ಎಲ್ಲರಿಗೂ ಒಂದೇ ಬಾರಿ ಖಾಸಗಿಯಾಗಿ ಕೇಳಿ: ಪಡೆಯಬಹುದೇ, ಯಾವ ರೂಪದಲ್ಲಿ? ಯೋಜನೆಯ ಹೆಸರಲ್ಲೇ ಉಳಿಯುವ ಲ್ಯಾಪ್‌ಟಾಪ್, ಸಮ್ಮೇಳನದ ಪ್ರಯಾಣ ವೆಚ್ಚ, ಅವರು ಹೇಳಿದ ಮತ್ತೊಂದು ಯೋಜನೆಗೆ ದೇಣಿಗೆ, ಇವೆಲ್ಲ ಸಾಧ್ಯ. ತೆರಿಗೆ ಮಾತ್ರ ಪಡೆದವರ ಜವಾಬ್ದಾರಿ. ಇದು ಹವ್ಯಾಸದ ಹಣವಲ್ಲ, ಆದಾಯ ಎಂದು ಮೊದಲೇ ಬರೆದು ತಿಳಿಸಿ.

ಕಂಪನಿ ಸಂಬಳ ಕೊಡುವವರ ವಿಚಾರಕ್ಕೆ ಒಂದೇ ಸೂತ್ರ ಸಾಕು: ಒಂದು ಗಂಟೆಗೆ ಎರಡು ಸಲ ಹಣವಿಲ್ಲ. ಕಚೇರಿ ವೇಳೆಯಲ್ಲಿ ಮಾಡಿದ್ದಕ್ಕೆ ನಿಧಿಯಿಂದ ಕೊಡಬೇಕಿಲ್ಲ. ವಾರಾಂತ್ಯದಲ್ಲಿ ಅವರು ಸರದಿ ಕಾವಲು ಹೊತ್ತರೆ, ಅವರ ಕರಾರು ಒಪ್ಪಿದರೆ, ಎಲ್ಲರಂತೆ ಕೊಡಿ. ಅದರಷ್ಟೇ ಮುಖ್ಯವಾದದ್ದು ಇನ್ನೊಂದಿದೆ. ಹಣ ಪಡೆಯುವುದಕ್ಕೂ ಮತ ಹಾಕುವುದಕ್ಕೂ ಸಂಬಂಧ ಇರಬಾರದು. ಹಣ ಬೇಡವೆಂದವರ ಮಾತು ಹಗುರವಾದ ದಿನ ಅವರು ಮೆಲ್ಲಗೆ ಎದ್ದು ಹೋಗುತ್ತಾರೆ.

ಹಣದಿಂದ ಮನಸ್ತಾಪ ಬಂದ ಪ್ರಸಿದ್ಧ ಉದಾಹರಣೆ, ಸ್ವಯಂಸೇವಕರು ಕಟ್ಟುವ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆ ಡೆಬಿಯನ್‌ನದು. 2006ರಲ್ಲಿ ಆಗಿನ ನಾಯಕರೂ ಸೇರಿದಂತೆ ಕೆಲವರು ಡಂಕ್-ಟ್ಯಾಂಕ್ ಎಂಬ ಪ್ರಯೋಗ ಮಾಡಿ, ಎಟ್ಚ್ ಆವೃತ್ತಿ ಡಿಸೆಂಬರ್‌ನಲ್ಲೇ ಹೊರಬರಲೆಂದು ಇಬ್ಬರು ರಿಲೀಸ್ ಮ್ಯಾನೇಜರ್‌ಗಳಿಗೆ ಹಣ ಕೊಡಿಸಿದರು. ನಮಗಿಲ್ಲದ್ದು ಅವರಿಗೇಕೆ ಎಂದು ಬೇಸತ್ತ ಕೆಲವು ಸ್ವಯಂಸೇವಕರು ತಮ್ಮ ಕೆಲಸ ಕಡಿಮೆ ಮಾಡಿದರು. ಎಟ್ಚ್ ಹೊರಬಂದದ್ದು 2007ರ ಏಪ್ರಿಲ್ 8ಕ್ಕೆ. ಇದನ್ನು ನೋಡಿ ದುಡ್ಡೇ ವಿಷ ಎನ್ನುವವರಿದ್ದಾರೆ, ಹಾಗಲ್ಲ. ಆಯ್ಕೆ ಯೋಜನೆಯ ಎಂದಿನ ನಿರ್ಧಾರದ ದಾರಿಯಿಂದ ಆಚೆ ನಡೆಯಿತು, ಆ ಹೊಣೆಗೆ ಬೇರೆಯವರು ಕೈಯೆತ್ತುವ ಅವಕಾಶ ಇರಲಿಲ್ಲ. ಅದಕ್ಕೇ ನಿಮ್ಮ ಎರಡು ಹೊಣೆಗಳನ್ನೂ ಪ್ರತಿ ಆರು ತಿಂಗಳಿಗೆ ತೆರೆದಿಡಿ: ಕೆಲಸವೇನು, ಗಂಟೆ ಎಷ್ಟು, ಮೊತ್ತ ಎಷ್ಟು, ಯಾರು ಕೇಳಬಹುದು. ತಮ್ಮ ಹೆಸರು ಇರುವ ನಿರ್ಧಾರದಲ್ಲಿ ಆ ವ್ಯಕ್ತಿ ಮತ ಹಾಕಬಾರದು. ತಿಂಗಳ ಕೊನೆಗೆ ನಾಲ್ಕು ಸಾಲಿನ ವರದಿ ಸಾಕು. ಗಂಟೆ ಲೆಕ್ಕದ ಪಟ್ಟಿ ಕೇಳಬೇಡಿ. ನಂಬಿಕೆ ಇಲ್ಲದಿದ್ದರೆ ಪಟ್ಟಿಯೂ ನಂಬಿಕೆ ತರುವುದಿಲ್ಲ.

ಈಗ ಆ 1,600. ಪ್ಯಾಕೇಜು ಎಣಿಸಿ ಸಮ ಹಂಚುವ ಸಾಧನಗಳು ಬೇಕಾದಷ್ಟಿವೆ. ಅವುಗಳ ತೊಂದರೆ ಏನೆಂದರೆ, ಹತ್ತು ಸಾಲಿನ ಇನ್ನೂರು ಪ್ಯಾಕೇಜು ಇಟ್ಟವರಿಗೆ ಇನ್ನೂರು ಪಾಲು, ಒಂದೇ ದೊಡ್ಡ ಸಂಕೋಚನ (ಕಡತ ಕುಗ್ಗಿಸುವ) ಲೈಬ್ರರಿಯನ್ನು ಹದಿನೈದು ವರ್ಷ ಸಾಕಿದವರಿಗೆ ಒಂದು ಪಾಲು. ಅದೂ ಆಳದಲ್ಲಿರುವ ಆ ಲೈಬ್ರರಿ ಪಟ್ಟಿಯಲ್ಲಿ ಕಂಡರೆ. ಎಂಬತ್ತು ಕಡೆಗೆ ಇಪ್ಪತ್ತು ಡಾಲರ್ ಎರಚಿದರೆ ಯಾರ ಕೆಲಸವೂ ಬದಲಾಗುವುದಿಲ್ಲ. ನಾಲ್ಕು ಯೋಜನೆ ಆರಿಸಿ, ಒಂದೊಂದಕ್ಕೆ ವರ್ಷಕ್ಕೆ 400 ಎಂದು ಎರಡು ವರ್ಷಕ್ಕೆ ಮಾತು ಕೊಡಿ. ಆರಿಸುವಾಗ ನೋಡಬೇಕಾದ್ದು ಜನಪ್ರಿಯತೆಯಲ್ಲ. ಇದು ಕೆಟ್ಟರೆ ನಮ್ಮದು ಕೆಡುತ್ತದೆಯೇ? ರಿಲೀಸ್ ಬಿಡುವ ಅಧಿಕಾರ ಒಬ್ಬರ ಕೈಯಲ್ಲೇ ಇದೆಯೇ? ಬೇರೆ ದೊಡ್ಡ ಪ್ರಾಯೋಜಕರು ಈಗಾಗಲೇ ಇದ್ದಾರೆಯೇ? ಹಣ ತೆಗೆದುಕೊಳ್ಳಲು ಅವರು ಸಿದ್ಧರಿದ್ದಾರೆಯೇ? ಕೊನೆಯದಕ್ಕೆ ಅವರ ರೆಪೊಸಿಟರಿಯ (ಕೋಡು ಇಟ್ಟಿರುವ ಜಾಗದ) ಫಂಡಿಂಗ್ ಕಡತ ನೋಡಿ. ಎನ್‌ಪಿಎಂ ಬಳಸುವವರಾದರೆ 'ಎನ್‌ಪಿಎಂ ಫಂಡ್' ಆದೇಶ ಪಟ್ಟಿಯನ್ನೇ ಕೊಡುತ್ತದೆ.

ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯ ಪ್ರಕರಣ ಇಲ್ಲಿ ನೆನಪಾಗುವುದು ಸಹಜ. ಒಬ್ಬರೇ ಬಿಡುವಿನಲ್ಲಿ ನಡೆಸುತ್ತಿದ್ದ ಲೈಬ್ರರಿಗೆ ನೆರವಾಗುವ ನೆಪದಲ್ಲಿ ಬಂದ ಖಾತೆಯೊಂದು ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿ, 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇಟ್ಟಿತು. 2024ರ ಮಾರ್ಚ್‌ನಲ್ಲಿ ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಅದನ್ನು ಹಿಡಿದದ್ದು ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರಕ್ಕೆ ಲಾಗಿನ್ ಆಗುವುದು ಅರ್ಧ ಸೆಕೆಂಡಿನಷ್ಟು ನಿಧಾನವಾಗಿದ್ದರಿಂದ. 400 ಡಾಲರ್ ಇದ್ದಿದ್ದರೆ ಇದು ತಪ್ಪುತ್ತಿತ್ತು ಎಂದು ಹೇಳಲಾರೆ. ದಣಿದ ಮೇಂಟೇನರ್‌ಗೆ ಬೇಕಾದದ್ದು ಎರಡನೆಯ ನಂಬಿಗಸ್ತ ಕಣ್ಣು. ದುಡ್ಡು ತಾನಾಗಿ ಕಣ್ಣಾಗುವುದಿಲ್ಲ. ಆದ್ದರಿಂದ ನೀವು ಆರಿಸಿದ ನಾಲ್ಕರಲ್ಲಿ ಒಂದಕ್ಕಾದರೂ ಹಣದ ಬದಲು ನಿಮ್ಮವರೊಬ್ಬರ ಎಂಟು ಗಂಟೆ ಕೊಡುವುದು ಉತ್ತಮವೇ ಎಂದು ಅವರನ್ನೇ ಕೇಳಿ.

ಹಣ ಬರುವ ಕಡೆಯನ್ನೂ ಗಟ್ಟಿ ಮಾಡಿಕೊಳ್ಳಬೇಕು. ಒಬ್ಬ ಪ್ರಾಯೋಜಕರೇ ಶೇ. 40ಕ್ಕಿಂತ ಹೆಚ್ಚು ಕೊಡುತ್ತಿದ್ದರೆ ಆ ಹೆಚ್ಚಿನ ಭಾಗವನ್ನು ಸಂಬಳಕ್ಕೆ ಕಟ್ಟದೆ ಒಂದು ಬಾರಿಯ ಕೆಲಸಗಳಿಗೆ ಇಡಿ. ಲಕ್ಷಾಂತರ ಮಂದಿ ಬಳಸುವ, ಜಾವಾಸ್ಕ್ರಿಪ್ಟ್ ಕೋಡು ಪರಿವರ್ತಿಸುವ ಬೇಬಲ್ ಯೋಜನೆಯೂ ದುಡ್ಡು ಮುಗಿಯುತ್ತಿದೆ ಎಂದು 2021ರಲ್ಲಿ ಬಹಿರಂಗವಾಗಿ ಹೇಳಬೇಕಾಯಿತು. ಕಂಪನಿಗಳಿಗೆ ದಾನ ಕೊಡುವುದು ಕಷ್ಟ, ಬಿಲ್ ಪಾವತಿಸುವುದು ಸುಲಭ. ಅವರ ಖರೀದಿ ವಿಭಾಗಕ್ಕೆ ಇನ್‌ವಾಯ್ಸ್, ಕರಾರು ಪತ್ರ, ವಾರ್ಷಿಕ ಮೊತ್ತ ಬೇಕು. ನಿಮ್ಮ ಹಣ ಇಟ್ಟುಕೊಂಡ ಸಂಸ್ಥೆ ಅದನ್ನು ಕೊಡಬಲ್ಲದು. ಎಷ್ಟು ಕೇಳಬೇಕೆಂಬ ಮುಜುಗರವಿದ್ದರೆ ಒಂದು ಅಳತೆ ಇದೆ: 2024ರಲ್ಲಿ ಶುರುವಾದ ಓಪನ್ ಸೋರ್ಸ್ ಪ್ಲೆಜ್‌ಗೆ ಸೇರುವ ಕಂಪನಿ ತನ್ನಲ್ಲಿರುವ ಪ್ರತಿ ಡೆವಲಪರ್‌ಗೆ ವರ್ಷಕ್ಕೆ ಕನಿಷ್ಠ 2,000 ಡಾಲರ್‌ನಂತೆ ಮೇಂಟೇನರ್‌ಗಳಿಗೆ ಕೊಡಬೇಕು. ಐವತ್ತು ಡೆವಲಪರ್ ಇದ್ದರೆ ಒಂದು ಲಕ್ಷ. ಅದರಲ್ಲಿ ನಿಮ್ಮ ಪಾಲು 2,000 ಎಂದು ಕೇಳುವುದು ದುರಾಸೆಯಲ್ಲ. ದೊಡ್ಡ ಒಂದು ಕೆಲಸಕ್ಕಾದರೆ ಅನುದಾನಗಳಿವೆ: ಎನ್‌ಎಲ್‌ನೆಟ್ ಸಾಮಾನ್ಯವಾಗಿ 5,000ದಿಂದ 50,000 ಯೂರೋ, ಫ್ಲಾಸ್ ಫಂಡ್ 10,000ದಿಂದ 1,00,000 ಡಾಲರ್. ಎನ್‌ಎಲ್‌ನೆಟ್ ಅರ್ಜಿಯಲ್ಲಿ ಕೆಲಸವನ್ನು ಹಂತಗಳಾಗಿ ಒಡೆದು ಬರೆಯಬೇಕು, ಹಣ ಹಂತ ಮುಗಿದಂತೆ ಬರುತ್ತದೆ. ದಿನನಿತ್ಯದ ಕಾವಲಿಗೆ ಅದನ್ನು ನೆಚ್ಚಬೇಡಿ.

ಒಂದು ಎಚ್ಚರಿಕೆ. ಇಷ್ಟು ಕೊಟ್ಟರೆ ನಿಮ್ಮ ದೋಷ ಮೊದಲು ಸರಿಪಡಿಸುತ್ತೇವೆ ಎಂದು ಪ್ರಾಯೋಜಕತ್ವದ ಪುಟದಲ್ಲಿ ಬರೆಯಬೇಡಿ. ಅದು ದೇಣಿಗೆಯಾಗಿ ಉಳಿಯದೆ ಸೇವಾ ಕರಾರಾಗುತ್ತದೆ, ತೆರಿಗೆಯೂ ಹೊಣೆಗಾರಿಕೆಯೂ ಬದಲಾಗುತ್ತವೆ. ಆ ಸೇವೆ ಮಾರುವುದಿದ್ದರೆ ನಿಮ್ಮಲ್ಲೊಬ್ಬರು ಬೇರೆ ಬಿಲ್‌ನಲ್ಲಿ, ಬೇರೆ ದರದಲ್ಲಿ ಮಾರಲಿ; ಯೋಜನೆಯ ನಿಧಿಗೆ ಅದರಿಂದ ಎಷ್ಟು ಭಾಗ ಬರಬೇಕೆಂದು ಮೊದಲೇ ಒಪ್ಪಿಕೊಳ್ಳಿ.

ಇವನ್ನೆಲ್ಲ ರೆಪೊಸಿಟರಿಯಲ್ಲೇ ಒಂದು ಕಡತದಲ್ಲಿ ಬರೆದಿಡಿ, ಎರಡು ಪುಟ ದಾಟುವುದಿಲ್ಲ. ಹೊಣೆ ಬಿಡುವವರು ಒಂದು ತಿಂಗಳ ಮುಂಚೆ ತಿಳಿಸಿ ಕೀಲಿಗಳನ್ನು ಹಸ್ತಾಂತರಿಸಬೇಕು, ಆ ತಿಂಗಳ ಹಣ ಪೂರ್ತಿ ಅವರದು. ಹಣ ಕಡಿಮೆಯಾದಾಗ ಏನು ಮೊದಲು ನಿಲ್ಲುತ್ತದೆ ಎಂಬುದನ್ನೂ ಈಗಲೇ, ಮನಸ್ಸು ತಿಳಿಯಾಗಿರುವಾಗ, ಬರೆಯಿರಿ. ಕಾಪು ಎರಡು ತಿಂಗಳ ಖರ್ಚಿಗಿಂತ, ಅಂದರೆ ಸುಮಾರು 2,670 ಡಾಲರ್‌ಗಿಂತ, ಕೆಳಗಿಳಿದರೆ ಮೊದಲು ಆ 48 ಗಂಟೆಯ ಬಿಡಿ ಕೆಲಸ ನಿಲ್ಲಲಿ. ಆಮೇಲೆ ಕಾವಲು ತಿಂಗಳಿಗೆ 12ರಿಂದ 6 ಗಂಟೆಗೆ ಇಳಿಯಲಿ, ಉತ್ತರ ತಡವಾಗುತ್ತದೆಂದು ಮುಖಪುಟದಲ್ಲಿ ಬರೆಯಿರಿ. ರಿಲೀಸ್ ಮತ್ತು ಭದ್ರತೆಯ 400 ಡಾಲರ್ ಕೊನೆಯ ತಿಂಗಳವರೆಗೂ ನಿಲ್ಲಬಾರದು.